ದಾರಿಗೆ ಬೀಳಬೇಕಾದ ಬೆಳಕು

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು ಅಂದರೆ ಜರ್ಮನಿಯಲ್ಲಿ ಸಂಜೆ ದಿಢೀರನೆ ಕತ್ತಲಾಗುತ್ತದೆ. ಬೆಳಗಿನ ಕತ್ತಲಂತೂ ಅದಕ್ಕೂ ಮುಂಚೆಯೇ ಬಂದು ಕೂತಿರುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಎರ್ಲಾಂಗನ್ ಕಡೆ ಸೂರ್ಯ ಹುಟ್ಟೋದು ಎಂಟರ ಮೇಲೆ, ಮುಳುಗೋದು ನಾಲ್ಕೂಕಾಲರ ಹೊತ್ತಿಗೆ. ಆಸ್ಪತ್ರೆ, ವೃದ್ಧಾಶ್ರಮ, ಗೋದಾಮು, ಬೇಕರಿ, ಹೋಟೆಲ್ ಅಡುಗೆಮನೆಗಳಲ್ಲಿ ದುಡಿಯುವ ನಮ್ಮಂಥವರಿಗೆ ಕೆಲಸಕ್ಕೆ ಹೋಗುವಾಗಲೂ ಕತ್ತಲು, ಎಷ್ಟೋ ಜನಕ್ಕೆ ಬರುವಾಗಲೂ ಕತ್ತಲು.

ನಾನು ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಶಿಫ್ಟ್, ಇಲ್ಲಿನವರ ಮಾತಿನಲ್ಲಿ ಫ್ರೂಡೀನ್ಸ್ಟ್, ಆರು ಗಂಟೆಗೆ ಶುರು. ನಮ್ಮ ಹಳ್ಳಿಯಿಂದ ಆ ಹೊತ್ತಿಗೆ ಸರಿಹೋಗುವ ಬಸ್ ಇಲ್ಲ, ಕಾರು ಇಡುವಷ್ಟು ಸಂಬಳದಲ್ಲಿ ಉಳಿಯೋದಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಒಂದು ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಸೈಕಲ್ ತಗೊಂಡೆ. ಎಂಟು ಕಿಲೋಮೀಟರ್ ದಾರಿ, ಅರ್ಧ ಗಂಟೆ. ಅದರಲ್ಲಿ ಹೆಚ್ಚಿನ ಪಾಲು ಮೈನ್-ಡೊನೌ ಕಾಲುವೆಯ ಪಕ್ಕದ ಜಲ್ಲಿ ದಾರಿ. ನಾನು ಹೋಗುವ ಭಾಗದಲ್ಲಿ ಒಂದೂ ಬೀದಿದೀಪ ಇಲ್ಲ. ಒಂದು ಕಡೆ ಮರ, ಇನ್ನೊಂದು ಕಡೆ ನೀರು. ಆ ದಾರಿಯಲ್ಲಿ ಸೈಕಲ್ಲಿನ ಮುಂದಿನ ದೀಪ ಅಲಂಕಾರಕ್ಕಲ್ಲ, ಅದೇ ಕಣ್ಣು.

ಈ ವಿಷಯ ಬರೆಯಬೇಕು ಅಂತ ಅನಿಸಿದ್ದು ನಮ್ಮ ವಾರ್ಡಿನ ಒಬ್ಬ ಹುಡುಗಿಯಿಂದ. ಬಾಗಲಕೋಟೆ ಕಡೆಯವಳು, ಬಂದು ನಾಲ್ಕು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್ ಅವಧಿ. ನಮ್ಮ ಊರಿನ ನರ್ಸಿಂಗ್ ಓದಿಗೆ ಇಲ್ಲಿ ಮಾನ್ಯತೆ ಸಿಗಬೇಕಾದರೆ ಬಾಯಿಮಾತಿನಲ್ಲಿ ಉತ್ತರಿಸುವ, ಮಾಡಿ ತೋರಿಸುವ ಪರೀಕ್ಷೆ ಇರುತ್ತಲ್ಲ, ಅದಕ್ಕೆ ಆರು ವಾರ ಬಾಕಿ. ಕಳೆದ ಜನವರಿಯ ಒಂದು ಬೆಳಿಗ್ಗೆ ಅವಳು ಇದೇ ಕಾಲುವೆ ದಾರಿಯಲ್ಲಿ ಬರುತ್ತಿದ್ದಾಗ ಎದುರಿನಿಂದ ಇನ್ನೊಂದು ಸೈಕಲ್ ಬಂತು. ಅದರ ದೀಪ ನೇರ ಇವಳ ಮುಖಕ್ಕೆ. ಪಕ್ಕಕ್ಕೆ ಸರಿಯೋಣ ಅಂತ ಹ್ಯಾಂಡಲ್ ತಿರುಗಿಸಿದಳು, ಜಲ್ಲಿಯ ಅಂಚಿನಲ್ಲಿ ಚಕ್ರ ಜಾರಿತು. ನೀರಿಗೆ ಬೀಳಲಿಲ್ಲ, ಅದೇ ಪುಣ್ಯ. ಬಲಗೈ ಮಣಿಕಟ್ಟು ಮುರಿಯಿತು. "ಅಕ್ಕಾರ, ಲೈಟ್ ಕಣ್ಣಾಗ ಹೊಡೀತು. ಮುಂದ ದಾರಿ ಐತೋ ಇಲ್ಲೋ ತಿಳೀಲಿಲ್ಲ," ಅಂದಳು. ಎದುರಿನವನು ನಿಲ್ಲದೆ ಹೋಗಿಬಿಟ್ಟಿದ್ದ.

ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತವನ್ನು ಇಲ್ಲಿ ವೇಗೆಉನ್‌ಫಾಲ್ ಅನ್ನುತ್ತಾರೆ. ಕಾನೂನುಬದ್ಧ ಅಪಘಾತ ವಿಮೆ ಅದನ್ನು ಕೆಲಸದ ಜಾಗದ ಅಪಘಾತದ ಹಾಗೆಯೇ ನೋಡುತ್ತದೆ. ಹಾಗಾಗಿ ಚಿಕಿತ್ಸೆಯ ಖರ್ಚು ಅವಳ ಮೇಲೆ ಬೀಳಲಿಲ್ಲ. ನಿಮಗೂ ಹೀಗೇನಾದರೂ ಆದರೆ ಮೊದಲೇ ತಿಳಿದಿರಲಿ: ಇಂಥ ಪೆಟ್ಟಿಗೆ ನೋಡುವ ಅಧಿಕೃತ ವೈದ್ಯರಿದ್ದಾರೆ, ಡುರ್ಕ್‌ಗಾಂಗ್ಸ್‌ಆರ್ಟ್ಸ್ಟ್ ಅಂತ ಕರೀತಾರೆ, ಅವರ ಹತ್ತಿರವೇ ಹೋಗಬೇಕು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಯಿತು ಅಂತ ಬಿಡಿಸಿ ಹೇಳಬೇಕು. ಆದರೆ ವಿಮೆ ಪರೀಕ್ಷೆ ಬರೆಯೋದಿಲ್ಲ. ಕೈಯಲ್ಲಿ ಪ್ಲಾಸ್ಟರ್ ಇಟ್ಟುಕೊಂಡು ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ತೋರಿಸೋದು ಹೇಗೆ? ಪರೀಕ್ಷೆ ಮುಂದಕ್ಕೆ ಹೋಯಿತು. ಪರೀಕ್ಷೆ ಪಾಸಾದ ಮೇಲೆ ಏರಬೇಕಿದ್ದ ಸಂಬಳವೂ ಮುಂದಕ್ಕೆ ಹೋಯಿತು. ಊರಿನಲ್ಲಿ ಸಾಲ ಮಾಡಿ ಭಾಷೆ ಕಲಿತು ಬಂದ ಹುಡುಗಿ. ಒಂದು ದೀಪ ತಪ್ಪಾಗಿ ಬಿದ್ದದ್ದಕ್ಕೆ ಇಷ್ಟೆಲ್ಲ.

ಅಲ್ಲಿಂದ ಮುಂದೆ ನಾನು ದೀಪದ ವಿಷಯದಲ್ಲಿ ಸ್ವಲ್ಪ ಹಟ ಹಿಡಿದು ಕೂತೆ. ನನ್ನ ಸೈಕಲ್ಲಿನ ಜೊತೆ ಬಂದಿದ್ದು ಹ್ಯಾಂಡಲ್‌ಗೆ ಸಿಕ್ಕಿಸುವ, ಮೊಬೈಲ್ ಚಾರ್ಜರಿನಿಂದ ಚಾರ್ಜ್ ಮಾಡುವ ದೀಪ. ಮೈನಸ್ ಎಂಟು ಡಿಗ್ರಿ ಇದ್ದ ಒಂದು ಬೆಳಿಗ್ಗೆ, ರಾತ್ರಿಯಿಡೀ ಚಾರ್ಜಿಗೆ ಇಟ್ಟಿದ್ದ ಅದೇ ದೀಪ ಅರ್ಧ ದಾರಿಯಲ್ಲಿ ಆರಿಹೋಯಿತು. ಹಳೆಯ ಪುಟ್ಟ ಲಿಥಿಯಂ ಬ್ಯಾಟರಿ ಚಳಿಗೆ ಕೈಕೊಡುತ್ತದೆ. ಉಳಿದ ದಾರಿ ಸೈಕಲ್ ತಳ್ಳಿಕೊಂಡು ಹೋದೆ. ಆ ವಾರವೇ ನಮ್ಮೂರಿನ ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಕಲಿಸಿದ್ದು, ನಾನು ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಇಲ್ಲಿ ಹೇಳ್ತೀನಿ.

ಮೊದಲನೆಯದು, ದೀಪ ಆರಿಸುವುದು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಎರಡು ಥರದ ಅಳತೆ ಕಾಣುತ್ತವೆ, ಲ್ಯೂಮೆನ್ ಮತ್ತು ಲಕ್ಸ್. ತೋಟಕ್ಕೆ ನೀರು ಹಾಯಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಂಪಿನಿಂದ ಒಟ್ಟು ಎಷ್ಟು ನೀರು ಬಂತು ಅನ್ನೋದು ಲ್ಯೂಮೆನ್. ಗಿಡದ ಬುಡಕ್ಕೆ ಎಷ್ಟು ಬಿತ್ತು ಅನ್ನೋದು ಲಕ್ಸ್. ಅಗ್ಗದ ದೀಪಗಳ ಮೇಲೆ ದೊಡ್ಡದಾಗಿ ಲ್ಯೂಮೆನ್ ಬರೆದಿರುತ್ತಾರೆ. ಟಾರ್ಚಿನ ಹಾಗೆ ಆ ಬೆಳಕು ದುಂಡಗೆ ಸುತ್ತಲೂ ಚೆಲ್ಲುತ್ತದೆ. ಅರ್ಧ ಮರದ ಮೇಲೆ, ಆಕಾಶದ ಮೇಲೆ, ಎದುರು ಬರುವವರ ಕಣ್ಣಿನ ಮೇಲೆ. ದಾರಿಗೆ ಬೀಳೋದು ಉಳಿದದ್ದು.

ಜರ್ಮನಿಯ ರಸ್ತೆ ನಿಯಮ, ಎಸ್‌ಟಿವಿಝಡ್‌ಒ ಅಂತ ಕರೆಯುತ್ತಾರೆ, ಅದರ 67ನೇ ಕಲಮು ಸೈಕಲ್ ದೀಪದ್ದು. ಅದರ ಪ್ರಕಾರದ ದೀಪದಲ್ಲಿ ಬೆಳಕಿಗೆ ಮೇಲ್ಗಡೆ ಒಂದು ಗೆರೆ ಕೊಯ್ದ ಹಾಗೆ ಇರುತ್ತದೆ, ಕಾರಿನ ಡಿಮ್ ಲೈಟಿನ ಥರ. ಗೆರೆಯ ಕೆಳಗೆ ದಾರಿ ಬೆಳಗುತ್ತದೆ, ಮೇಲೆ ಕತ್ತಲು. ಆಗ ಎದುರಿನವರ ಕಣ್ಣು ಕುಕ್ಕುವುದಿಲ್ಲ. ಇಂಥ ದೀಪವನ್ನು ಗುರುತು ಹಿಡಿಯೋದು ಹೀಗೆ: ದೀಪದ ಮೈಮೇಲೆ ಅಲೆಯಂಥ ಒಂದು ಗೆರೆ, ಪಕ್ಕದಲ್ಲಿ ಇಂಗ್ಲಿಷಿನ ಕೆ ಅಕ್ಷರ, ಆಮೇಲೆ ಅಂಕಿಗಳು. ಫ್ಲೆನ್ಸ್‌ಬುರ್ಗ್‌ನಲ್ಲಿರುವ ಕೇಂದ್ರ ವಾಹನ ಇಲಾಖೆ ಕೊಡುವ ಮಂಜೂರಾತಿ ಅದು. ಡಬ್ಬಿಯ ಮೇಲಲ್ಲ, ದೀಪದ ಮೇಲೆಯೇ ಇರಬೇಕು. ಮಿನುಗುವ ದೀಪ ಇಲ್ಲಿ ಸೈಕಲ್‌ಗೆ ನಡೆಯೋದಿಲ್ಲ. ದೀಪವೇ ಇಲ್ಲದೆ ಅಥವಾ ಕೆಟ್ಟ ದೀಪದಲ್ಲಿ ಸಿಕ್ಕಿಬಿದ್ದರೆ ದಂಡ 20 ಯೂರೋದಿಂದ ಶುರು. ದಂಡಕ್ಕೆ ಹೆದರಿ ಅಲ್ಲ, ನಮ್ಮ ಬಾಗಲಕೋಟೆ ಹುಡುಗಿಯ ಮಣಿಕಟ್ಟು ನೆನಪಿಟ್ಟುಕೊಂಡು ಆ ಗುರುತು ನೋಡಿ ಕೊಳ್ಳಿ ಅಂತೀನಿ. ನಮ್ಮ ದೀಪ ಎದುರಿನವರನ್ನೂ ಕಾಪಾಡಬೇಕಲ್ಲ. ಬೆಳಗಿನ ಆ ಹೊತ್ತಿನಲ್ಲಿ ಎದುರು ಬರುವವರೂ ನಮ್ಮಂಥ ದುಡಿಯುವವರೇ.

ಎಷ್ಟು ಲಕ್ಸ್ ಬೇಕು? ನಿಯಮದ ಪ್ರಕಾರ ಹತ್ತು ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಇದ್ದರೆ ಸಾಕು. ಬೀದಿದೀಪ ಇರುವ ಪೇಟೆಯಲ್ಲಿ ಅದು ಸರಿ, ಅಲ್ಲಿ ನಾವು ಕಾಣಿಸಿಕೊಂಡರೆ ಆಯಿತು. ಕಾಲುವೆ ದಾರಿಯಲ್ಲಿ ನಾವೇ ಕಾಣಬೇಕು. ಲೆಕ್ಕ ಹಾಕಿ ನೋಡಿ. ನಮ್ಮ ಸೈಕಲ್ಲಿನ ಮೋಟರ್ ಗಂಟೆಗೆ 25 ಕಿಲೋಮೀಟರ್‌ವರೆಗೆ ನೆರವು ಕೊಡುತ್ತದೆ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು ಏಳು ಮೀಟರ್ ಹೋಗಿರುತ್ತೀವಿ. ಏನೋ ಕಂಡು ಬ್ರೇಕ್ ಹಿಡಿಯೋಷ್ಟರಲ್ಲಿ ಒಂದು ಸೆಕೆಂಡ್ ಕಳೆಯಿತು. ಒದ್ದೆ ಜಲ್ಲಿಯಲ್ಲಿ ನಿಲ್ಲೋದಕ್ಕೆ ಇನ್ನೂ ಏಳೆಂಟು ಮೀಟರ್ ಬೇಕು. ಅಲ್ಲಿಗೆ ಹದಿನೈದು ಮೀಟರ್ ಆಯಿತು. ಕೊಳೆತ ಎಲೆ, ಮಂಜುಗಡ್ಡೆ ಇದ್ದರೆ ಇನ್ನೂ ಹೆಚ್ಚು. ಕಪ್ಪು ಕೋಟು ಹಾಕಿಕೊಂಡು ನಾಯಿ ಹಿಡಿದು ಹೊರಟ ಅಜ್ಜ ಇಪ್ಪತ್ತು ಮೀಟರ್ ದೂರದಲ್ಲೇ ಕಾಣದಿದ್ದರೆ ನಮ್ಮ ಕೈಯಲ್ಲಿ ಏನೂ ಉಳಿಯೋದಿಲ್ಲ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ: ಹತ್ತು ಮೀಟರಿನಲ್ಲಿ 10 ಲಕ್ಸ್ ಇದ್ದದ್ದು ಇಪ್ಪತ್ತು ಮೀಟರಿನಲ್ಲಿ ಎರಡೂವರೆ. ಹಾಗಾಗಿ ದೀಪವಿಲ್ಲದ ದಾರಿಗೆ ನಾನು 60 ಲಕ್ಸಿನದು ಆರಿಸಿದೆ. ಇದಕ್ಕಿಂತ ಜಾಸ್ತಿಯವೂ ಸಿಗುತ್ತವೆ, ಬೆಲೆಯೂ ಹಾಗೇ ಏರುತ್ತದೆ. ಲಕ್ಸ್ ಅನ್ನೋದು ಬೆಳಕಿನ ಅತಿ ಪ್ರಖರವಾದ ಜಾಗದ ಅಳತೆ ಅಷ್ಟೆ. ಆದ್ದರಿಂದ ಸಾಧ್ಯವಾದರೆ ಅಂಗಡಿಯಲ್ಲಿ ದೀಪ ಹಚ್ಚಿಸಿ, ಬೆಳಕು ಅಗಲವಾಗಿ ಸಮನಾಗಿ ಹರಡುತ್ತಾ ನೋಡಿ. ಚಕ್ರದ ಮುಂದೆ ಒಂದೇ ಚುಕ್ಕೆ ಬೆಳಕು ಬಿದ್ದರೆ ತಿರುವಿನಲ್ಲಿ ಏನೂ ಕಾಣೋದಿಲ್ಲ.

ಎರಡನೆಯದು, ಕರೆಂಟ್ ಎಲ್ಲಿಂದ ಅನ್ನೋದು. ನನಗೆ ಇದೇ ಮುಖ್ಯ ಅನಿಸಿದ್ದು. ನಮ್ಮ ಅಪ್ಪ ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಬೆಳಗಿನ ಜಾವ ಡೇರಿಗೆ ಹಾಲು ಸಾಗಿಸುತ್ತಿದ್ದರು. ಅವರ ಸೈಕಲ್‌ಗೆ ಡೈನಮೋ. ಟೈರಿಗೆ ಒತ್ತಿ ತಿರುಗೋದು. ಇಳಿಜಾರಿನಲ್ಲಿ ದೀಪ ಜಗಮಗ, ಏರು ಬಂತು ಅಂದರೆ ಮಂಕು, ಕಾಲು ಊರಿದರೆ ಕತ್ತಲು. ಆದರೂ ಆ ದೀಪಕ್ಕೆ ಒಂದು ಗುಣ ಇತ್ತು: ಅದನ್ನು ಯಾರೂ ಚಾರ್ಜ್ ಮಾಡಬೇಕಿರಲಿಲ್ಲ. ಎಷ್ಟೇ ಸುಸ್ತಾಗಿ ಮಲಗಿದ್ದರೂ ಬೆಳಿಗ್ಗೆ ತುಳಿದರೆ ಹತ್ತುತ್ತಿತ್ತು.

ಜರ್ಮನಿಯಲ್ಲೂ 2013ರವರೆಗೆ ಸಾಮಾನ್ಯ ಸೈಕಲ್‌ಗೆ ಡೈನಮೋ ಕಡ್ಡಾಯವಾಗಿತ್ತು. ಆಮೇಲೆ ಬ್ಯಾಟರಿ ದೀಪಕ್ಕೂ ಅನುಮತಿ ಬಂತು. ಈಗ ಎಲೆಕ್ಟ್ರಿಕ್ ಸೈಕಲ್ ಇರುವವರಿಗೆ ಮೂರು ದಾರಿ: ಬಿಚ್ಚಿ ಚಾರ್ಜ್ ಮಾಡುವ ದೀಪ, ಚಕ್ರದ ನಡುವೆ ಕೂರುವ ಹೊಸ ಬಗೆಯ ಡೈನಮೋ, ಅಥವಾ ಮೋಟರ್ ಓಡಿಸುವ ದೊಡ್ಡ ಬ್ಯಾಟರಿಯಿಂದಲೇ ದೀಪಕ್ಕೂ ವೈರ್. ಹಗಲು ಕೆಲಸ ಮಾಡಿ ಅಪರೂಪಕ್ಕೆ ಕತ್ತಲಲ್ಲಿ ಬರುವವರಿಗೆ ಮೊದಲನೆಯದು ಸಾಕು. ಡೈನಮೋ ಒಳ್ಳೆಯದೇ, ಆದರೆ ಅದಕ್ಕಾಗಿ ಚಕ್ರವನ್ನೇ ಬದಲಾಯಿಸಬೇಕು. ಮುಂದಿನ ಚಕ್ರದಲ್ಲೇ ಮೋಟರ್ ಇರುವ ಸೈಕಲ್‌ಗೆ ಅಲ್ಲಿ ಜಾಗವೂ ಇಲ್ಲ. ಶಿಫ್ಟಿನವರಿಗೆ ಮೂರನೆಯದೇ ಸರಿ ಅನ್ನೋದು ನನ್ನ ಅನುಭವ. ಕಾರಣ ಇಷ್ಟೇ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಊಟ ಮಾಡೋದಕ್ಕೇ ತ್ರಾಣ ಇರೋದಿಲ್ಲ, ಇನ್ನು ದೀಪ ಬಿಚ್ಚಿ ತಂದು ಚಾರ್ಜಿಗೆ ಹಾಕಬೇಕು ಅನ್ನೋದನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕಾ? ದೊಡ್ಡ ಬ್ಯಾಟರಿಯನ್ನು ಹೇಗೂ ಚಾರ್ಜ್ ಮಾಡೇ ಮಾಡ್ತೀವಿ. ಅದರಲ್ಲೇ ದೀಪವೂ ಬದುಕಿಕೊಳ್ಳಲಿ.

ದೀಪ ಹಾಕಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತೆ ಅಂತ ಎಷ್ಟೋ ಜನ ಹೆದರುತ್ತಾರೆ. ಆ ಹೆದರಿಕೆ ಬೇಡ. ನನ್ನದು 36 ವೋಲ್ಟ್, 11 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ ಸುಮಾರು 400 ವಾಟ್-ಅವರ್. ಎಂಟು ಕಿಲೋಮೀಟರಿಗೆ ನನ್ನ ಮೋಟರ್ ತಿನ್ನೋದು ಸುಮಾರು 70. ಮುಂದಿನ, ಹಿಂದಿನ ದೀಪ ಎರಡೂ ಸೇರಿ ಆರು ವಾಟಿನ ಒಳಗೆ, ಅರ್ಧ ಗಂಟೆಗೆ 3 ವಾಟ್-ಅವರ್. ಅಂದರೆ ನೂರಕ್ಕೆ ಒಂದೂ ಆಗಲಿಲ್ಲ. ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ.

ಎಚ್ಚರ ಬೇಕಾದದ್ದು ವೋಲ್ಟೇಜಿನಲ್ಲಿ. ಸೈಕಲ್ ದೀಪಗಳಲ್ಲಿ 6 ವೋಲ್ಟಿನವು, 12 ವೋಲ್ಟಿನವು, ಮತ್ತೆ 6ರಿಂದ 48 ವೋಲ್ಟ್‌ವರೆಗೆ ತಡೆಯುವಂಥವು, ಹೀಗೆ ಬೇರೆ ಬೇರೆ ಇವೆ. 36 ವೋಲ್ಟ್ ಅಂತ ಬರೆದ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್ ಇರುತ್ತದೆ. 48 ವೋಲ್ಟಿನದು 54ನ್ನೂ ದಾಟುತ್ತದೆ. ಅದಕ್ಕೆ 6 ವೋಲ್ಟಿನ ದೀಪ ಸೇರಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ರಿಪೇರಿಯ ಹಿರಿಯರು ಮೊದಲು ಮಾಡಿದ ಕೆಲಸ ಏನಂದರೆ, ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಬಾ ಅಂದರು. ನನ್ನ ಸೈಕಲ್ಲಿನ ಕಂಟ್ರೋಲರಿನಿಂದ ದೀಪಕ್ಕೆ ಅಂತ ಬಿಟ್ಟಿದ್ದ ಎರಡು ವೈರಿಗೆ ಮಲ್ಟಿಮೀಟರ್ ಹಿಡಿದರು. 41 ಚಿಲ್ಲರೆ ತೋರಿಸಿತು. "ನೋಡಿದಿರಾ, ಇಲ್ಲಿ ಏನೂ ಇಳಿಸಿಲ್ಲ, ಬ್ಯಾಟರಿಯಲ್ಲಿ ಇರೋದೆಲ್ಲ ನೇರ ಬರ್ತಾ ಇದೆ. ಅಳೆಯದೆ ಕೊಂಡಿದ್ದರೆ ದುಡ್ಡು ಹೊಗೆ ಆಗ್ತಿತ್ತು," ಅಂದರು. ಅದಕ್ಕೇ 48 ವೋಲ್ಟ್‌ವರೆಗೆ ತಡೆಯುವ ದೀಪ ಆರಿಸಿದ್ದು. ಹಿಂದಿನ ದೀಪವೂ ಅಷ್ಟೇ ತಡೆಯುವಂಥದ್ದು. ಮುಂದಿನದನ್ನು ಸರಿಯಾಗಿ ಕೊಂಡು ಹಿಂದಿನದನ್ನು ಸುಟ್ಟುಕೊಂಡವರು ಬಹಳ ಇದ್ದಾರಂತೆ.

ಪೆಡಲ್ ಹತ್ತಿರ, ನಡುವೆ ಮೋಟರ್ ಇರುವ ಸೈಕಲ್ ನಿಮ್ಮದಾದರೆ ಕಥೆ ಬೇರೆ. ಅದರಲ್ಲಿ ದೀಪಕ್ಕೆ ಅಂತಲೇ 6 ಅಥವಾ 12 ವೋಲ್ಟಿನ ಜಾಗ ಇರುತ್ತದೆ, ಎಷ್ಟು ವೋಲ್ಟ್ ಅನ್ನೋದು ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಕೆಲವಕ್ಕೆ ಅಂಗಡಿಯವರು ಕಂಪ್ಯೂಟರ್ ಸೇರಿಸಿ ದೀಪದ ಜಾಗವನ್ನು ಆನ್ ಮಾಡಿಕೊಡಬೇಕು. ಅಂಥದ್ದನ್ನು ಸ್ವಂತ ಬಿಚ್ಚಲು ಹೋಗಬೇಡಿ, ಗ್ಯಾರಂಟಿ ಹೋಗಬಹುದು. ಯಾವ ಸೈಕಲ್ ಆದರೂ ಬ್ಯಾಟರಿ ಡಬ್ಬಿಯನ್ನು ಮಾತ್ರ ಕತ್ತರಿಸಿ ವೈರ್ ಎಳೆಯಲೇಬೇಡಿ, ಬೆಂಕಿಯ ಜೊತೆ ಆಟ ಅದು. ಪ್ಲಸ್, ಮೈನಸ್ ಅದಲುಬದಲು ಆಗಬಾರದು. ಜಾಯಿಂಟುಗಳಿಗೆ ನೀರು ಹೋಗದ ಹಾಗೆ, ಬಿಸಿ ಮಾಡಿದರೆ ಬಿಗಿಯಾಗುವ ರಬ್ಬರ್ ಕೊಳವೆ ಹಾಕಿಸಿ. ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ವೈರ್ ಎಳೆಯದಷ್ಟು ಸಡಿಲ ಇರಲಿ.

ಇನ್ನೊಂದು ಪ್ರಶ್ನೆ ಕೊಳ್ಳುವಾಗಲೇ ಕೇಳಬೇಕು: ಬ್ಯಾಟರಿ ಇಳಿದು ಮೋಟರ್ ನಿಂತರೆ ದೀಪದ ಗತಿ ಏನು? ದೀಪವನ್ನು ಮೋಟರಿನ ಬ್ಯಾಟರಿಗೆ ಸೇರಿಸಿದ್ದರೆ, ಮೋಟರ್ ನಿಂತ ಮೇಲೂ ಕನಿಷ್ಠ ಎರಡು ಗಂಟೆ ದೀಪ ಉರಿಯುವಷ್ಟು ಕರೆಂಟ್ ಉಳಿದಿರಬೇಕು, ಅಥವಾ ಮೋಟರೇ ಡೈನಮೋದ ಹಾಗೆ ಕರೆಂಟ್ ಕೊಡಬೇಕು ಅಂತ ಇಲ್ಲಿನ ನಿಯಮ. ಬಹಳ ಬುದ್ಧಿವಂತಿಕೆಯ ನಿಯಮ ಅದು. ಕಾಲು ಸೋತರೂ ತುಳಿದು ಮನೆ ಸೇರಬಹುದು, ಕಣ್ಣು ಕಾಣದೆ ಆಗೋದಿಲ್ಲ. ಬಿಡಿ ಭಾಗ ತಂದು ಜೋಡಿಸಿದ ಸೈಕಲ್‌ಗಳಲ್ಲಿ ಕೆಲವು ಸಲ ಎರಡೂ ಒಟ್ಟಿಗೇ ಆರುತ್ತವೆ. ನಾವು ಒಂದು ಭಾನುವಾರ ಹಗಲಿನಲ್ಲಿ ಬ್ಯಾಟರಿ ಖಾಲಿಯಾಗುವ ತನಕ ಓಡಿಸಿ ಪರೀಕ್ಷೆ ಮಾಡಿದೆವು. ಮೋಟರ್ ನಿಂತ ಮೇಲೂ ದೀಪ ಎರಡು ಗಂಟೆ ದಾಟಿ ಉರಿಯಿತು. ಆಮೇಲೆಯೇ ಹಿರಿಯರು ಸಮಾಧಾನದಿಂದ ದುಡ್ಡು ತಗೊಂಡದ್ದು. ಎರಡು ದೀಪ, ವೈರ್, ಕೂಲಿ ಸೇರಿ ನನಗೆ 95 ಯೂರೋ ಆಯಿತು. ಚಳಿಗಾಲದಲ್ಲಿ ಬ್ಯಾಟರಿಯನ್ನು ಮನೆಯೊಳಗೆ ಇಟ್ಟುಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಾದ ಬ್ಯಾಟರಿಗೆ ಚಾರ್ಜ್ ಹಾಕಬಾರದು. ಹಳೆಯ ಸಿಕ್ಕಿಸುವ ದೀಪವನ್ನೂ ನಾನು ಬಿಸಾಕಿಲ್ಲ, ಬ್ಯಾಗಿನ ತಳದಲ್ಲಿದೆ. ಪಂಕ್ಚರ್ ಆದಾಗ ಕೈಗೆ ಬೆಳಕು ಬೇಕಲ್ಲ.

ಕೊನೆಗೆ, ದುಡ್ಡು ಖರ್ಚಿಲ್ಲದ ಕೆಲಸ. ಎಷ್ಟೇ ಒಳ್ಳೆಯ ದೀಪವಾದರೂ ಮೂತಿ ಮೇಲೆತ್ತಿಕೊಂಡಿದ್ದರೆ ಎದುರಿನವರಿಗೆ ಶಾಪ. ಕತ್ತಲಾದ ಮೇಲೆ ಸೈಕಲನ್ನು ಗೋಡೆಗೆ ಐದು ಮೀಟರ್ ದೂರದಲ್ಲಿ ನಿಲ್ಲಿಸಿ ಅದರ ಮೇಲೆ ಕೂತುಕೊಳ್ಳಿ. ಗೋಡೆಯ ಮೇಲೆ ಬಿದ್ದ ಬೆಳಕಿನ ಮೇಲಿನ ಗೆರೆ ದೀಪ ಇರುವ ಎತ್ತರಕ್ಕಿಂತ ಕೆಳಗೇ ಇರಬೇಕು. ಮುಂದಿನ ಬುಟ್ಟಿಯಲ್ಲಿ ಸಾಮಾನು ಹಾಕುವವರು ಬುಟ್ಟಿ ಬೆಳಕಿಗೆ ಅಡ್ಡ ಬರುತ್ತಾ ನೋಡಿ. ತಿಂಗಳಿಗೊಮ್ಮೆ ಸ್ಕ್ರೂ ಬಿಗಿ ಇದೆಯಾ ಅಂತ ಮುಟ್ಟಿ ನೋಡಿ, ಜಲ್ಲಿ ದಾರಿಯ ಕುಲುಕಾಟಕ್ಕೆ ಅದು ನಿಧಾನಕ್ಕೆ ಜರುಗುತ್ತದೆ. ಗಾಜಿನ ಮೇಲಿನ ಕೆಸರು ಒರೆಸಿ. ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಕೈ ತೊಳೆಯುವ ನಮಗೆ ಇದೇನು ಮಹಾ?

ಬಾಗಲಕೋಟೆಯ ಹುಡುಗಿ ಬೇಸಿಗೆಯಲ್ಲಿ ಪರೀಕ್ಷೆ ಪಾಸು ಮಾಡಿದಳು. ಮೊದಲ ಪೂರ್ತಿ ಸಂಬಳ ಬಂದಾಗ ಊರಿಗೆ ಎಷ್ಟು ಕಳಿಸಿದಳೋ ನಾನು ಕೇಳಲಿಲ್ಲ, ಆದರೆ ಉಳಿದದ್ದರಲ್ಲಿ ಕೆ ಗುರುತಿನ ದೀಪ ತಗೊಂಡಳು. ಈಗ ನಾವಿಬ್ಬರೂ ಒಂದೇ ಶಿಫ್ಟಿನಲ್ಲಿ ಇದ್ದ ದಿನ ಕಾಲುವೆ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗ್ತೀವಿ. ಮೊನ್ನೆ ಎದುರಿನಿಂದ ಒಬ್ಬರು ಸೈಕಲ್ಲಿನಲ್ಲಿ ಬಂದವರು ಕೈ ಎತ್ತಿ "ಮೋರ್ಗನ್" ಅಂದರು. ಅವರ ಮುಖ ನಮಗೆ ಸ್ಪಷ್ಟವಾಗಿ ಕಾಣಲಿಲ್ಲ, ದಾರಿ ಮಾತ್ರ ಕಾಣುತ್ತಿತ್ತು.